ಹಳೇ ಎಸ್‌ಎಂಪಿಎಸ್ ತಡೆಯುತ್ತಾ?

ನಿಮ್ಮ ಮನೆಯಲ್ಲೂ ಒಂದು ಹಳೇ ಕಂಪ್ಯೂಟರ್ ಇದ್ದೀತು. ಮೆಟ್ಟಿಲ ಕೆಳಗೋ, ಬಾಕ್ಸ್ ರೂಮಿನ ಮೂಲೆಯಲ್ಲೋ, ಮಕ್ಕಳು ಓದುವ ಮೇಜಿನ ಅಡಿಯಲ್ಲೋ ಧೂಳು ಹಿಡಿದು ಕೂತಿರುತ್ತದೆ. ಪಿನ್ನರ್‌ನ ನಮ್ಮ ಮನೆಯದು 2015ರ ಕೊನೆಯಲ್ಲಿ ನಮ್ಮ ಯಜಮಾನರು ಬಿಡಿಭಾಗ ತರಿಸಿ ಜೋಡಿಸಿದ್ದು. ಆಗ ಮಗನಿಗೆ ನಾಲ್ಕು ವರ್ಷ. ಸ್ಕ್ರೂಗಳನ್ನು ಎಣಿಸಿ ಕೊಡುವುದು ಅವನ ಕೆಲಸವಾಗಿತ್ತು, ಒಂದು, ಎರಡು, ಮೂರು ಅಂತ, ಕನ್ನಡದಲ್ಲೇ.

ಈಗ ಅವನಿಗೆ ಹದಿನಾಲ್ಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿಯಿತಲ್ಲ, ನಮ್ಮ ಕಂಪ್ಯೂಟರಿನಲ್ಲಿರುವ ಇಂಟೆಲ್ ಐ5-6500 ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲೇ ಇಲ್ಲ. ಮಗನಿಗೆ ಅಷ್ಟೇ ಸಾಕಾಯಿತು. ಪ್ರೊಸೆಸರ್, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್ ಮೂರನ್ನೂ ಬದಲಾಯಿಸುವ ಪಟ್ಟಿ ಹಿಡಿದು ಒಂದು ಶನಿವಾರ ಅಡುಗೆಮನೆಗೆ ಬಂದ. ನಾನು ಒಗ್ಗರಣೆ ಹಾಕುತ್ತಿದ್ದೆ. ಇಂಗ್ಲಿಷಿನಲ್ಲಿ ಕೇಳಿದ: ‘ಮಮ್, ವಿಲ್ ದ ಓಲ್ಡ್ ಪವರ್ ಸಪ್ಲೈ ಹ್ಯಾಂಡಲ್ ಇಟ್?’

‘ತಡೆಯುತ್ತಾ ನೋಡಬೇಕು ಕಣೋ’ ಅಂದೆ.

‘ತಡೆಯೋದು ಅಂದ್ರೆ ಸ್ಟಾಪ್ ಮಾಡೋದು ಅಲ್ವಾ?’

ಸೌಟು ಕೆಳಗಿಟ್ಟೆ. ಅವನು ಹೇಳಿದ್ದೂ ಸರಿಯೇ. ಬಸ್ಸನ್ನು ತಡೆಯುತ್ತೇವೆ, ಅಳು ತಡೆಯುತ್ತೇವೆ. ಆದರೆ ‘ಈ ಕಂಬ ಭಾರ ತಡೆಯುತ್ತಾ’ ಅನ್ನುವ ‘ತಡೆ’ ಅವನಿಗೆ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ. ಸಿಗುವಂಥ ಮಾತನ್ನು ನಾವು ಆಡಿದ್ದರೆ ತಾನೇ?

ನಿಮ್ಮ ಮನೆಯ ಮಾತನ್ನೂ ಒಂದು ದಿನ ಕಿವಿಗೊಟ್ಟು ಕೇಳಿ ನೋಡಿ. ನಮ್ಮ ಮನೆಯಲ್ಲಿ ಕನ್ನಡ ಅಪ್ಪಣೆಯ ಭಾಷೆಯಾಗಿಬಿಟ್ಟಿದೆ. ಏಳು, ಸ್ನಾನ ಮಾಡು, ತಟ್ಟೆ ತೆಗಿ, ಮಲಗು. ವಾದ ಮಾಡುವುದು, ಲೆಕ್ಕ ಹಾಕುವುದು, ‘ಯಾಕೆ ಬೇಡ’ ಅಂತ ಹಟ ಹಿಡಿಯುವುದೆಲ್ಲ ಇಂಗ್ಲಿಷಿನಲ್ಲಿ. ಮಕ್ಕಳಿಗೆ ಕನ್ನಡದಲ್ಲಿ ಸಿಗುವ ಪಾತ್ರ ‘ಹೂಂ’ ಅನ್ನುವುದು ಮಾತ್ರ. ಹದಿನಾಲ್ಕರ ಹುಡುಗ ಅಂಥ ಭಾಷೆಯನ್ನು ಎಷ್ಟು ದಿನ ಇಟ್ಟುಕೊಂಡಾನು?

ಅದಕ್ಕೇ ಆವತ್ತು ಒಂದು ಷರತ್ತು ಹಾಕಿದೆ. ನಾನು ದಾವಣಗೆರೆಯಲ್ಲಿ ಎಲೆಕ್ಟ್ರಿಕಲ್ ಓದಿದವಳು, ಈಗ ಕೆಲಸ ಬೇರೆಯಾದರೂ ಓಮ್ಸ್ ಲಾ ಮರೆತಿಲ್ಲ. ‘ಇಬ್ಬರೂ ಕೂತು ಲೆಕ್ಕ ಹಾಕೋಣ. ಮಾತು ಕನ್ನಡದಲ್ಲಿ. ಯಂತ್ರದ ಹೆಸರುಗಳು ಇಂಗ್ಲಿಷಿನಲ್ಲೇ ಇರಲಿ. ಲೆಕ್ಕ ನಿನ್ನ ಪರವಾಗಿ ಬಂದರೆ ನಾನು ಒಪ್ತೀನಿ.’ ಕೊನೆಯ ವಾಕ್ಯ ಕೇಳಿದ ಮೇಲೆ ಅವನು ಕುರ್ಚಿ ಎಳೆದುಕೊಂಡ.

ಡಬ್ಬದ ಮೇಲಿನ ಚೀಟಿ

ಮೊದಲ ಕೆಲಸ, ಕಂಪ್ಯೂಟರ್ ಆಫ್ ಮಾಡಿ, ಗೋಡೆಯಿಂದ ಪ್ಲಗ್ ಕಿತ್ತು, ಪಕ್ಕದ ತಗಡು ಬಿಚ್ಚುವುದು. ಮೂಲೆಯಲ್ಲಿ ಫ್ಯಾನ್ ಇರುವ ಲೋಹದ ಡಬ್ಬವೇ ಪವರ್ ಸಪ್ಲೈ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೇಳಿದರೆ ಎಸ್‌ಎಂಪಿಎಸ್ ಅನ್ನುತ್ತಾರೆ, ಇಲ್ಲಿ ಪಿಎಸ್‌ಯು. ಗೋಡೆಯಿಂದ ಬರುವ 230 ವೋಲ್ಟ್ ಎಸಿಯನ್ನು 12, 5, 3.3 ವೋಲ್ಟ್ ಡಿಸಿಯಾಗಿ ಇಳಿಸಿಕೊಡುವುದು ಇದರ ಕೆಲಸ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಕಂಪ್ಯೂಟರಿನ ತಗಡು ಬಿಚ್ಚಬಹುದು, ಈ ಡಬ್ಬವನ್ನು ಮಾತ್ರ ಬಿಚ್ಚಬಾರದು. ಒಳಗಿನ ದೊಡ್ಡ ಕೆಪಾಸಿಟರ್ ಸುಮಾರು 400 ವೋಲ್ಟ್‌ವರೆಗೆ ತುಂಬಿಕೊಂಡಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಹಾಗೇ ಉಳಿಯಬಹುದು. ಮಕ್ಕಳಿಗೆ ಇದನ್ನು ಯಾವ ಭಾಷೆಯಲ್ಲಾದರೂ ಸರಿ, ಎರಡು ಸಲ ಹೇಳಿ.

ಡಬ್ಬದ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ನಮ್ಮದರ ಮೇಲೆ ದೊಡ್ಡದಾಗಿ 500 ವ್ಯಾಟ್ ಅಂತಿತ್ತು. ಮಗ ಅದನ್ನು ನೋಡಿ ‘ಮುಗೀತಲ್ಲ’ ಅಂದ. ಮುಗಿಯುವುದಿಲ್ಲ. ಆ 500ರಲ್ಲಿ 5 ವೋಲ್ಟ್ ಮತ್ತು 3.3 ವೋಲ್ಟ್‌ನ ಪಾಲೂ ಸೇರಿರುತ್ತದೆ. ಈ ಕಾಲದ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚುಕಡಿಮೆ ಪೂರ್ತಿ ಎಳೆಯುವುದು 12 ವೋಲ್ಟ್‌ನಿಂದ. ಹಾಗಾಗಿ ನೋಡಬೇಕಾದ್ದು 12 ವೋಲ್ಟ್ ಎದುರಿನ ಆಂಪ್. ನಮ್ಮದರಲ್ಲಿ 38 ಆಂಪ್ ಇತ್ತು. ಹನ್ನೆರಡು ಮೂವತ್ತೆಂಟಲಿ? ಮಗ ಬಾಯಿಮಗ್ಗಿ ಬಾರದವನು, ಫೋನಿನಲ್ಲಿ ಗುಣಿಸಿದ. 456 ವ್ಯಾಟ್. ನಮ್ಮ ನಿಜವಾದ ಹಾಸಿಗೆ ಇಷ್ಟು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಅನ್ನುವ ಗಾದೆಯನ್ನು ಅರ್ಥ ಹೇಳದೆ ಬಿಟ್ಟೆ, ಅವನೇ ಹಿಡಿದುಕೊಂಡ.

ಚೀಟಿಯ ಮೇಲೆ 80 ಪ್ಲಸ್ ಬ್ರಾಂಜ್ ಅಂತಲೂ ಇತ್ತು. ಇದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. 500ರಲ್ಲಿ 85 ಪರ್ಸೆಂಟ್ ಮಾತ್ರ ಸಿಗುತ್ತದೆ ಅಂತ ಅದರರ್ಥವಲ್ಲ. 500 ಅನ್ನುವುದು ಒಳಗೆ ಕೊಡುವ ಲೆಕ್ಕ, ಪರ್ಸೆಂಟ್ ಗೋಡೆಯಿಂದ ಎಳೆಯುವ ಲೆಕ್ಕ. ಒಳಗೆ 250 ವ್ಯಾಟ್ ಬೇಕಾದಾಗ 85 ಪರ್ಸೆಂಟ್ ದಕ್ಷತೆಯ ಡಬ್ಬ ಗೋಡೆಯಿಂದ ಸುಮಾರು 294 ವ್ಯಾಟ್ ಎಳೆಯುತ್ತದೆ. ಮಿಕ್ಕ 44 ವ್ಯಾಟ್ ಬಿಸಿಯಾಗಿ ಹೋಗುತ್ತದೆ. ಕರೆಂಟ್ ಬಿಲ್ ಬರುವುದು 294ಕ್ಕೆ. ‘ಹಾಗಾದ್ರೆ 44 ವೇಸ್ಟ್’ ಅಂದ. ‘ಸೋರಿ ಹೋಯ್ತು ಅನ್ನು’ ಅಂದೆ.

ಲೆಕ್ಕ ಅವನ ಪರವಾಗೇ ಬಂತು

ಈಗ ಖರ್ಚಿನ ಕಡೆ. ಅವನು ಆರಿಸಿದ್ದ ಪ್ರೊಸೆಸರ್ ರೈಜನ್ 5 5600. ಹೆಸರಿಗೆ 65 ವ್ಯಾಟ್, ಪೂರ್ತಿ ದುಡಿಯುವಾಗ 76ರವರೆಗೆ ಹೋಗುತ್ತದೆ. ಹಳೇ ಡಿಡಿಆರ್4 ಮೆಮೊರಿ ಅದಕ್ಕೂ ನಡೆಯುತ್ತದೆ, ಅಷ್ಟು ದುಡ್ಡು ಉಳಿಯಿತು. ಮದರ್‌ಬೋರ್ಡ್, ಮೆಮೊರಿ, ಎಸ್‌ಎಸ್‌ಡಿ, ಫ್ಯಾನುಗಳಿಗೆಲ್ಲ ಸೇರಿಸಿ ಧಾರಾಳವಾಗಿ 60 ಇಟ್ಟುಕೊಂಡೆವು. ಗ್ರಾಫಿಕ್ಸ್ ಕಾರ್ಡ್ ಅವನಿಗೆ ಬೇಕಾದ್ದು ಆರ್‌ಟಿಎಕ್ಸ್ 4070, ಸೆಕೆಂಡ್ ಹ್ಯಾಂಡ್. ಅದಕ್ಕೆ 200 ವ್ಯಾಟ್.

76, 60, 200. ಒಟ್ಟು 336.

‘ಅಮ್ಮ, 336. ನಮ್ಮ ಹತ್ರ 456 ಇದೆ. ಲೆಕ್ಕ ಸರಿ ಇದೆಯಲ್ಲ, ಮತ್ತೆ ಯಾಕೆ ಬೇಡ?’

ಇಷ್ಟು ಉದ್ದದ ವಾದವನ್ನು ಅವನು ಕನ್ನಡದಲ್ಲಿ ಮಾಡಿದ್ದನ್ನು ನಾನು ಕೇಳಿರಲಿಲ್ಲ. ‘ಬೇಡ’ ಅಂತ ನಾನಿನ್ನೂ ಹೇಳೇ ಇರಲಿಲ್ಲ ಅನ್ನುವುದು ಬೇರೆ ಮಾತು. ಮುಖ ನೋಡಿಯೇ ಗೊತ್ತಾಗಿರಬೇಕು.

ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಎನ್‌ವಿಡಿಯಾ ಕಂಪನಿಯವರೇ 4070ಕ್ಕೆ 650 ವ್ಯಾಟಿನ ಪವರ್ ಸಪ್ಲೈ ಇಡಿ ಅನ್ನುತ್ತಾರೆ. 336 ಸಾಕಾಗುವ ಕಡೆ 650 ಯಾಕೆ? ಮಾರಾಟದ ತಂತ್ರ ಅಂದ ಮಗ. ಸ್ವಲ್ಪ ಮಟ್ಟಿಗೆ ಅವರು ಎಲ್ಲರ ಮನೆಯ ಅಗ್ಗದ ಡಬ್ಬಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಾರೆ, ನಿಜ. ಅದರ ಜೊತೆಗೆ ಇನ್ನೊಂದು ಕಾರಣವಿದೆ. ಅದನ್ನು ನಾನು ಹೇಳಲು ಹೊರಟು ಎರಡು ವಾಕ್ಯದಲ್ಲೇ ಇಂಗ್ಲಿಷಿಗೆ ಜಾರಿದೆ. ಟ್ರಾನ್ಸಿಯೆಂಟ್, ಪೀಕ್, ರಿಪಲ್. ನಾನೇ ಹಾಕಿದ ಷರತ್ತು ನಾನೇ ಮುರಿದಿದ್ದೆ. ಮಗ ನಗುತ್ತಿದ್ದ.

ಆಗ ಅಪ್ಪಾಜಿ ನೆನಪಾದರು.

ಅಜ್ಜನ ಟಿಸಿ

ನಮ್ಮಪ್ಪ ಕೆಇಬಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಚನ್ನಗಿರಿ ಕಡೆಯ ಅಡಿಕೆ ತೋಟಗಳ ಪಂಪ್‌ಸೆಟ್ಟು, ಕಂಬ, ತಂತಿ ಅಂತಲೇ ಜೀವನ ಕಳೆದವರು. ಶನಿವಾರ ಮಧ್ಯಾಹ್ನ ಇಲ್ಲಿ ಎರಡು ಗಂಟೆ, ಅಲ್ಲಿ ಸಂಜೆ ಏಳೂವರೆ. ಅಜ್ಜ ಮೊಮ್ಮಗನ ವಾರದ ವಿಡಿಯೋ ಕಾಲ್ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ‘ಊಟ ಆಯ್ತಾ ಮರಿ?’ ‘ಆಯ್ತು ಅಜ್ಜ.’ ‘ಚಳಿ ಐತಾ?’ ‘ಹೂಂ ಅಜ್ಜ.’ ಆಮೇಲೆ ಫೋನು ನನ್ನ ಕೈಗೆ. ಎರಡು ನಿಮಿಷ ದಾಟಿದ್ದಿಲ್ಲ.

‘ಅಪ್ಪಾಜಿ, ಇವನಿಗೊಂದು ಡೌಟು. 336 ವ್ಯಾಟ್ ಲೋಡಿಗೆ 456 ಸಾಕಾಗಲ್ವಾ ಅಂತಾನೆ’ ಅಂದೆ.

ಅಪ್ಪಾಜಿ ಕನ್ನಡಕ ಸರಿಮಾಡಿಕೊಂಡು ಕೂತರು. ‘ಮರಿ, ನಮ್ಮ ತೋಟದ ಹತ್ರ ಒಂದು ಟಿಸಿ ಐತಲ್ಲ, ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್ರು, ನೋಡಿದೀಯ? ಅದು 25 ಕೆವಿಎ. ಐದು ಎಚ್‌ಪಿ ಮೋಟ್ರು ಒಂದು ನಾಲ್ಕು ಓಡಿಸಬಹುದು. ಲೆಕ್ಕ ಹಾಕಿದ್ರೆ ಸರಿಯಾಗೇ ಐತೆ. ಆದ್ರೂ ಬೇಸಿಗೇಲಿ ಟಿಸಿ ಸುಡ್ತಾವೆ. ಯಾಕೆ ಹೇಳು?’

ಮಗ ಸುಮ್ಮನಿದ್ದ. ಅಪ್ಪಾಜಿಯೇ ಮುಂದುವರಿಸಿದರು. ‘ಕರೆಂಟು ಹೋಗಿ ಬರತ್ತೆ ನೋಡು, ಆಗ ಎಲ್ಲಾರ ಆಟೋ ಸ್ಟಾರ್ಟರೂ ಒಂದೇ ಸಲ ಮೋಟ್ರು ಎಬ್ಬಿಸ್ತಾವೆ. ಮೋಟ್ರು ಓಡೋವಾಗ ಜಗ್ಗೋದು ಬೇರೆ, ಎದ್ದೇಳೋವಾಗ ಜಗ್ಗೋದು ಬೇರೆ. ಎದ್ದೇಳೋವಾಗ ಐದಾರು ಪಟ್ಟು ಜಗ್ತದೆ. ಒಂದೆರಡು ಕ್ಷಣ ಅಷ್ಟೇ. ಹೊಸ ಟಿಸಿ ತಡಕೊಳ್ತದೆ. ಎಣ್ಣೆ ಕೆಟ್ಟಿರೋ ಹಳೇ ಟಿಸಿ ಹೋಗ್ತದೆ.’

‘ಅಜ್ಜ, ಜಿಪಿಯು ಕೂಡ ಹಂಗೇ!’ ಮಗ ಫೋನಿಗೆ ಮುಖ ಹತ್ತಿರ ತಂದ. ‘ಸ್ಪೈಕ್ ಬರತ್ತೆ.’

‘ಸ್ಪೈಕ್ ಅಂದ್ರೆ?’

ಈಗ ಹೇಳುವ ಸರದಿ ಅವನದು. ಕೈ ಆಡಿಸಿದ, ತಡವರಿಸಿದ. ‘ಅಂದ್ರೆ... ಒಂದೇ ಸಲ ಜಾಸ್ತಿ... ಜಗ್ಗತ್ತೆ ಅಜ್ಜ. 200 ಜಗ್ಗೋದು ಸಡನ್ನಾಗಿ ಡಬಲ್ ಜಗ್ಗತ್ತೆ. ತುಂಬ ಚಿಕ್ಕ ಟೈಮು.’

‘ಅದೇ ಮತ್ತೆ’ ಅಂದರು ಅಪ್ಪಾಜಿ.

ವಿಷಯ ಅದೇ. ಗ್ರಾಫಿಕ್ಸ್ ಕಾರ್ಡಿನ 200 ವ್ಯಾಟ್ ಅನ್ನುವುದು ಸರಾಸರಿ ಲೆಕ್ಕ. ಆಟದಲ್ಲಿ ದೃಶ್ಯ ಬದಲಾದ ಕ್ಷಣದಲ್ಲಿ, ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಕಡಿಮೆ ಹೊತ್ತು, ಅದು ಬಹಳ ಹೆಚ್ಚು ಎಳೆಯಬಹುದು. ಹಳೇ ಡಬ್ಬ ಅದನ್ನು ಅಪಾಯ ಅಂತ ತಿಳಿದು ಆಫ್ ಆಗಿಬಿಡುತ್ತದೆ. ಆಟದ ಮಧ್ಯೆ ಕಂಪ್ಯೂಟರ್ ತಟಕ್ಕನೆ ಸತ್ತು ಮತ್ತೆ ಶುರುವಾಗುವುದಕ್ಕೆ ಇದೂ ಒಂದು ಕಾರಣ. 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮದಲ್ಲಿ, ಡಬ್ಬದ ಮೇಲೆ ಬರೆದ ವ್ಯಾಟಿನ ಎರಡು ಪಟ್ಟು ಎಳೆತವನ್ನು 100 ಮೈಕ್ರೋಸೆಕೆಂಡ್ ಹೊತ್ತು ತಡೆದುಕೊಳ್ಳಬೇಕು ಅಂತ ಸೇರಿಸಿದ್ದು ಇದಕ್ಕಾಗಿಯೇ. ನಮ್ಮ 2015ರ ಡಬ್ಬಕ್ಕೆ ಅಂಥ ಪರೀಕ್ಷೆ ಆಗಿರಲಿಲ್ಲ.

ಎಣ್ಣೆ ಕೆಟ್ಟ ಟಿಸಿಯ ಮಾತೂ ಇಲ್ಲಿಗೆ ಹೊಂದುತ್ತದೆ. ಪವರ್ ಸಪ್ಲೈಯ ಕೆಪಾಸಿಟರ್ ಒಳಗೂ ಒಂದು ದ್ರವ ಇರುತ್ತದೆ. ವರ್ಷ ಕಳೆದಂತೆ ಅದು ಒಣಗುತ್ತದೆ. ಹತ್ತು ಡಿಗ್ರಿ ಬಿಸಿ ಹೆಚ್ಚಿದರೆ ಅದರ ಆಯುಷ್ಯ ಅರ್ಧವಾಗುತ್ತದೆ ಅಂತ ಎಂಜಿನಿಯರುಗಳ ಲೆಕ್ಕ. ನಮ್ಮದು ರೇಡಿಯೇಟರ್ ಪಕ್ಕದಲ್ಲಿ, ಧೂಳು ತುಂಬಿದ ಫ್ಯಾನಿನೊಂದಿಗೆ ಹತ್ತು ವರ್ಷ ದುಡಿದಿತ್ತು. ಅದರ ವಾರಂಟಿ ಇದ್ದದ್ದು ಐದು ವರ್ಷಕ್ಕೆ. ಚೀಟಿಯ ಮೇಲಿನ 38 ಆಂಪ್ ಅದು ಹೊಸದಾಗಿದ್ದಾಗಿನ ಮಾತು.

ಆವತ್ತಿನ ಕಾಲ್ ನಲವತ್ತು ನಿಮಿಷ ನಡೆಯಿತು. ನನ್ನ ಕೈಗೆ ಫೋನು ಬರಲೇ ಇಲ್ಲ.

ಮೆಮೋರಿಯಲ್ ಪಾರ್ಕಿನ ದಾರಿ

ಆದರೂ ಮಗ ಬಿಡಲಿಲ್ಲ. ಅವನು ನೋಡಿದ್ದ 4070ಕ್ಕೆ ಎರಡು 8-ಪಿನ್ ವೈರು ಬೇಕು, ನಮ್ಮ ಡಬ್ಬದಲ್ಲಿ ಇದ್ದದ್ದು ಒಂದೇ. ಅದಕ್ಕೂ ಒಂದು ಉಪಾಯ ಹುಡುಕಿಕೊಂಡು ಬಂದ: ಹಳೇ ನಾಲ್ಕು ಪಿನ್ನಿನ ಮೋಲೆಕ್ಸ್ ವೈರುಗಳನ್ನು 8-ಪಿನ್ ಮಾಡುವ ಕನ್ವರ್ಟರ್, ಬೆಲೆ ನಾಲ್ಕು ಪೌಂಡು.

ನಮ್ಮೂರಿನ ಮೆಮೋರಿಯಲ್ ಪಾರ್ಕಿನಲ್ಲಿ ಹೀತ್ ರಾಬಿನ್ಸನ್ ಮ್ಯೂಸಿಯಂ ಇದೆ, 2016ರಲ್ಲಿ ತೆರೆದದ್ದು. ವಿಲಿಯಂ ಹೀತ್ ರಾಬಿನ್ಸನ್ 1908ರಿಂದ ಸುಮಾರು ಹತ್ತು ವರ್ಷ ಪಿನ್ನರ್‌ನಲ್ಲೇ ಇದ್ದ ಚಿತ್ರಕಾರ. ಗಂಟು ಹಾಕಿದ ಹಗ್ಗ, ರಾಟೆ, ಹರಕು ಮುರುಕು ಸಾಮಾನು ಜೋಡಿಸಿ ಒಂದು ಸಣ್ಣ ಕೆಲಸಕ್ಕೆ ದೊಡ್ಡ ಯಂತ್ರ ಕಟ್ಟುವ ಚಿತ್ರಗಳಿಗೆ ಹೆಸರಾದವನು. ಇಂಗ್ಲಿಷರು ಇವತ್ತಿಗೂ ಅಂಥ ಜೋಡಣೆಗೆ ಅವನ ಹೆಸರನ್ನೇ ಹೇಳುತ್ತಾರೆ. ಮಗನನ್ನು ಅಲ್ಲಿಗೆ ಚಿಕ್ಕಂದಿನಿಂದ ಕರೆದುಕೊಂಡು ಹೋಗಿದ್ದೇನೆ. ‘ನಿನ್ನ ಕನ್ವರ್ಟರ್ರು ಆ ಮ್ಯೂಸಿಯಂಗೆ ಸರಿಹೋಗತ್ತೆ’ ಅಂದೆ. ನಕ್ಕ, ಆದರೆ ಕಾರಣ ಕೇಳಿದ.

ಕಾರಣ ಇಷ್ಟು. ಒಂದು 8-ಪಿನ್ ವೈರು 150 ವ್ಯಾಟ್ ಸಾಗಿಸಲು ಮಾಡಿದ್ದು. ಸಾಟಾ ಡ್ರೈವಿಗೆ ಹೋಗುವ ವೈರಿನ ಮೂತಿ 12 ವೋಲ್ಟ್‌ನಲ್ಲಿ 54 ವ್ಯಾಟಿಗೆ ಮಾತ್ರ ತಯಾರಾದದ್ದು. ಅದಕ್ಕೆ ಕನ್ವರ್ಟರ್ ಸಿಕ್ಕಿಸಿ 150 ಎಳೆದರೆ ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿಯೂ ಹತ್ತಬಹುದು. ಮೋಲೆಕ್ಸ್ ಅದಕ್ಕಿಂತ ಗಟ್ಟಿ, ಆದರೆ ಹತ್ತು ವರ್ಷದ ಸಡಿಲ ಪಿನ್ನುಗಳನ್ನು ನಂಬಿ ಮಗು ಮಲಗುವ ಕೋಣೆಯಲ್ಲಿ ಓಡಿಸುವ ಧೈರ್ಯ ನನಗಿಲ್ಲ. ಮೂತಿ ಕೂತಿತು ಅಂದ ಮಾತ್ರಕ್ಕೆ ವೈರು ಭಾರ ತಡೆಯುತ್ತದೆ ಅಂತಲ್ಲ.

ಕೊನೆಗೆ ಅವನೇ ಇನ್ನೊಂದು ಲೆಕ್ಕ ತಂದ. ಆರ್‌ಟಿಎಕ್ಸ್ 4060 ಹಾಕಿದರೆ? ಅದಕ್ಕೆ 115 ವ್ಯಾಟ್, ಒಂದೇ 8-ಪಿನ್. ಒಟ್ಟು 251. ನಮ್ಮ ಹಳೇ ಕಂಪ್ಯೂಟರಿನ ಲೆಕ್ಕವನ್ನೂ ಹಾಕಿದ್ದ: ಐ5-6500ಕ್ಕೆ 65, ಜಿಟಿಎಕ್ಸ್ 960ಕ್ಕೆ 120, ಉಳಿದದ್ದಕ್ಕೆ 60. ಒಟ್ಟು 245. ಹತ್ತು ವರ್ಷದಲ್ಲಿ ಎಷ್ಟೋ ಪಟ್ಟು ವೇಗ ಹೆಚ್ಚಿದೆ, ಭಾರ ಹೆಚ್ಚುವುದು ಆರೇ ವ್ಯಾಟ್. ಹೊಸದು ಅಂದರೆ ಹೆಚ್ಚು ಕರೆಂಟ್ ಅಂತ ಅಂದುಕೊಂಡಿದ್ದ ನಾನು ಸೋತೆ. ಆ ಮಟ್ಟಿಗೆ ಅವನು ಗೆದ್ದ, ಕನ್ನಡದಲ್ಲಿ.

ವಯಸ್ಸಿನ ಪ್ರಶ್ನೆ ಮಾತ್ರ ಉಳಿಯಿತು. ಅದರಲ್ಲಿ ನಾನು ಬಗ್ಗಲಿಲ್ಲ. 4060 ತೆಗೆದುಕೊಂಡು, ಉಳಿದ ಹಣದಲ್ಲಿ ಎಪ್ಪತ್ತು ಪೌಂಡಿನೊಳಗೆ ಹೊಸ 650 ವ್ಯಾಟಿನ ಡಬ್ಬ ಹಾಕಿದೆವು.

ನಿಮ್ಮ ಮನೆಯದಕ್ಕೆ

ನೀವೂ ಮಕ್ಕಳೊಂದಿಗೆ ಕೂರುವುದಾದರೆ ನೋಡಬೇಕಾದ್ದು ಇವು:

1. ಚೀಟಿಯ ಒಟ್ಟು ವ್ಯಾಟ್ ಬಿಟ್ಟು 12 ವೋಲ್ಟ್‌ನ ಆಂಪ್ ನೋಡಿ, 12ರಿಂದ ಗುಣಿಸಿ. 12ವಿ1, 12ವಿ2 ಅಂತ ಎರಡಿದ್ದರೆ ಸುಮ್ಮನೆ ಕೂಡಬೇಡಿ, ಎರಡಕ್ಕೂ ಸೇರಿ ಕೊಟ್ಟಿರುವ ವ್ಯಾಟ್ ಹುಡುಕಿ.

2. ಪ್ರೊಸೆಸರ್, ಕಾರ್ಡ್, ಉಳಿದದ್ದು, ಮೂರನ್ನೂ ಕೂಡಿ. ಮೊತ್ತ 12 ವೋಲ್ಟ್‌ನ ವ್ಯಾಟಿನ ಮೂರರಲ್ಲಿ ಎರಡು ಪಾಲಿನೊಳಗೆ ಇದ್ದರೆ ನೆಮ್ಮದಿ.

3. ಕಾರ್ಡಿಗೆ ಬೇಕಾದ ವೈರು ಡಬ್ಬದಿಂದಲೇ ಬರಬೇಕು. ಸಾಟಾದಿಂದ ಕನ್ವರ್ಟರ್ ಬೇಡವೇ ಬೇಡ. ಬಿಡಿಸಿ ಹಾಕುವ ವೈರಿನ ಡಬ್ಬವಾದರೆ, ಹಳೇ ಡಬ್ಬದ ವೈರನ್ನು ಹೊಸದಕ್ಕೆ ಸಿಕ್ಕಿಸಬೇಡಿ. ಮೂತಿ ಒಂದೇ ಥರ ಇದ್ದರೂ ಒಳಗಿನ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ಡ್ರೈವುಗಳು ಸುಟ್ಟು, ಅದರಲ್ಲಿರುವ ಫೋಟೋಗಳೂ ಹೋಗಬಹುದು.

4. ವಾರಂಟಿ ಮುಗಿದು ವರ್ಷಗಳಾಗಿದ್ದರೆ, ಸುಟ್ಟ ವಾಸನೆ, ಚಿರಿಚಿರಿ ಸದ್ದು, ಆಟದ ಮಧ್ಯೆ ಆಫ್ ಆಗುವುದು ಇದ್ದರೆ ಲೆಕ್ಕ ಬೇಕಿಲ್ಲ, ಬದಲಾಯಿಸಿ.

5. ಯಾವ ಕೆಲಸಕ್ಕೂ ಮೊದಲು ಫೋಟೋಗಳನ್ನು ಬೇರೆ ಡ್ರೈವಿಗೆ ತೆಗೆದಿಡಿ.

ಇದರಿಂದ ಮಗ ಕನ್ನಡದ ಹುಡುಗನಾಗಿಬಿಟ್ಟ ಅಂತ ಹೇಳಿದರೆ ಸುಳ್ಳಾಗುತ್ತದೆ. ಮರುದಿನ ಬೆಳಗ್ಗೆ ಮತ್ತೆ ಇಂಗ್ಲಿಷೇ. ಆದರೆ ಒಂದು ವಿಷಯ ನನಗೆ ತಿಳಿಯಿತು. ನಾವು ಮಕ್ಕಳಿಗೆ ಕೊಟ್ಟ ಮನೆಮಾತು ಅವರ ನಾಲ್ಕನೇ ವರ್ಷಕ್ಕೆ ಅಳೆದು ಕೊಟ್ಟದ್ದು. ಆಮೇಲೆ ಅವರ ತಲೆಯೊಳಗೆ ಕೆಮಿಸ್ಟ್ರಿ ಬಂತು, ಸ್ನೇಹ ಮುನಿಸು ಬಂತು, ನೂರು ಪ್ರಶ್ನೆ ಬಂದವು. ನಮ್ಮ ಏಳು, ತಿನ್ನು, ಮಲಗು ಹಾಗೇ ಉಳಿಯಿತು. ಅಷ್ಟು ಭಾರವನ್ನು ಅದು ತಡೆಯದೆ ಹೋದರೆ ಮಕ್ಕಳನ್ನು ಬೈದು ಫಲವಿಲ್ಲ. ನಾವೇ ಸ್ವಲ್ಪ ದೊಡ್ಡ ಮಾತು ಆಡಬೇಕು. ನಮಗೆ ಪದ ಸಿಗದಿದ್ದರೆ ಊರಿಗೆ ಫೋನ್ ಮಾಡಬೇಕು. ಅಲ್ಲಿ ಪದಗಳಿವೆ, ಕೇಳುವವರಿಗಾಗಿ ಕಾಯುವ ಜನರೂ ಇದ್ದಾರೆ. ಮಕ್ಕಳು ಒಮ್ಮೆಯಾದರೂ ನಮ್ಮ ಭಾಷೆಯಲ್ಲಿ ನಮ್ಮನ್ನು ಸೋಲಿಸಲಿ.

ಹಳೇ ಡಬ್ಬವನ್ನು ಹ್ಯಾರೋದ ಫಾರ್ವರ್ಡ್ ಡ್ರೈವ್ ಮರುಬಳಕೆ ಕೇಂದ್ರಕ್ಕೆ ಕೊಟ್ಟು ಬಂದೆವು. ಮನೆಯ ಕಸದ ಬಿನ್ನಿಗೆ ಇಂಥದ್ದನ್ನು ಹಾಕಬೇಡಿ.

ಮುಂದಿನ ಶನಿವಾರ ಎರಡು ಗಂಟೆಗೆ ಅಪ್ಪಾಜಿಯೇ ಕಾಲ್ ಮಾಡಿದರು. ಊಟದ ವಿಚಾರ ಕೇಳಲಿಲ್ಲ.

‘ಏನ್ ಮರಿ, ಟಿಸಿ ಬದಲಾಯಿಸಿದ್ರಾ?’

‘ಬದಲಾಯಿಸಿದ್ವಿ ಅಜ್ಜ. ಈಗ ಎಷ್ಟು ಜಗ್ಗಿದ್ರೂ ತಡೆಯತ್ತೆ.’